ಎರಡು ಕೆಂಪು ಚುಕ್ಕಿ

ಶಹಾಬಾದಿನಲ್ಲಿ ಮೇ ತಿಂಗಳು, ನಲವತ್ನಾಲ್ಕು ಡಿಗ್ರಿ.
ಕೂಲರಿಗೆ ಮೂರು ಕೊಡ ನೀರು ಹೊಯ್ದು
ಎಂಟುನೂರು ಮೀಟರು ಕೆಳಗೆ ಇಳಿಯುತ್ತೇನೆ.

ಅಲ್ಲಿ ನಾಲ್ಕೇ ಡಿಗ್ರಿ. ಚಿತ್ರದ ಮೂಲೆಯಲ್ಲಿ ಬರೆದಿರುತ್ತದೆ
ಆಳ, ತಾರೀಖು, ತಂಪು.
ಯಾವ ಸಮುದ್ರವೆಂದು ಬರೆದಿರುವುದಿಲ್ಲ.
ಕಾಯ್ದಿಟ್ಟ ಜಾಗ, ಬಲೆ ಎಳೆಯಬಾರದ ಜಾಗ,
ಅಷ್ಟೇ ಹೇಳಿದ್ದಾರೆ ನಮಗೆ.

ದಿನಕ್ಕೆ ಆರುನೂರು ಚಿತ್ರ, ಚಿತ್ರಕ್ಕೆ ಒಂದೂವರೆ ರೂಪಾಯಿ.
ಹವಳಕ್ಕೆ ಹಳದಿ ಚೌಕ, ಸ್ಪಂಜಿಗೆ ನೀಲಿ,
ಮರಳಿಗೆ ಏನೂ ಇಲ್ಲ.
ಪ್ರತಿ ಚಿತ್ರದ ನಡುವೆ ಎರಡು ಕೆಂಪು ಚುಕ್ಕಿ,
ಕ್ಯಾಮೆರಾದ ಪಕ್ಕದಿಂದ ಲೇಸರು ಇಟ್ಟದ್ದು.
ಚುಕ್ಕಿಯಿಂದ ಚುಕ್ಕಿಗೆ ಹತ್ತು ಸೆಂಟಿಮೀಟರು.
ಅವಿಲ್ಲದಿದ್ದರೆ ತಿಳಿಯುವುದೇ ಇಲ್ಲ
ಈ ಬಿಳಿ ಪೊದೆ ನನ್ನ ಬೆರಳಷ್ಟೋ
ಠಾಣೆಯೆದುರಿನ ಬೇವಿನ ಮರದಷ್ಟೋ.

ಅಪ್ಪ ಸಾಯಬಣ್ಣ ಮೂವತ್ತೊಂದು ವರ್ಷ ಫರಸಿ ಕೊಯ್ದವನು.
ಗರಗಸದ ಗಾಲಿ ಕಲ್ಲಿನ ಜೊತೆ ಅವನ ಕಿವಿಯನ್ನೂ ತಿಂದಿತು.
ಟೀವಿ ಬೇಡ ಅವನಿಗೆ, ನನ್ನ ಬೆನ್ನ ಹಿಂದೆ ಕೂರುತ್ತಾನೆ.
"ನಿನ್ ಸಮುದ್ರಕ್ಕೂ ನನ್ನಂಗ ಕಿವಿ ಇಲ್ಲ ನೋಡವ್ವ."

ಖಣಿಗೆ ಬಂದ ಸರ್ವೇ ಸಾಹೇಬರೊಬ್ಬರು ಹಿಂದೊಮ್ಮೆ
ಈ ಕಲ್ಲೆಲ್ಲ ಸಮುದ್ರದ ತಳ ಎಂದಿದ್ದರಂತೆ.
"ಅದಕ್ಕ ನಮ್ ಬಚ್ಚಲ ಎಂದೂ ಒಣಗಂಗಿಲ್ಲ" ಎಂದು ನಕ್ಕಿದ್ದನಂತೆ.
ನಮ್ಮ ನೆಲದ ಫರಸಿಯೊಳಗೆ ಕಪ್ಪು ಗಿಡಗಳಿವೆ, ಗಿಡಗಳಲ್ಲ,
ಕಲ್ಲಿಗೆ ಇಳಿದ ಕಲೆ. ಸಣ್ಣವಳಿದ್ದಾಗ ನೀರು ಹಾಕುತ್ತಿದ್ದೆ.
ಪರದೆಯ ಮೇಲಿನವೂ ಗಿಡಗಳಲ್ಲ,
ಬಾಯಿ ತೆರೆದು ಕಾಯುವ ಪ್ರಾಣಿ.

ನಾನೂರ ಹನ್ನೆರಡನೇ ಚಿತ್ರದಲ್ಲಿ ಒಂದು ಗೆರೆ.
ಪಟ್ಟಿಯಲ್ಲಿ ಹುಡುಕಿದೆ: ಬಿರುಕು, ಕಸ, ನೆರಳು, ಖಚಿತವಿಲ್ಲ.
ಬಿರುಕು ಎಂದು ಒತ್ತುವಷ್ಟರಲ್ಲಿ
ಹಿಂದಿನಿಂದ ಒಂದು ಕೈ ಬಂತು, ಸುಣ್ಣಗಲ್ಲಿನಂತೆ ಒರಟು.

"ಬಿರುಕು ಅಲ್ಲವ್ವ ಇದು.
ಬಿರುಕು ಅಂಜಿ ಅಂಜಿ ಹೊಳ್ಳತದ,
ಮೆತ್ತಗಿದ್ದಲ್ಲಿ ಹೋಗ್ತದ, ಬಿರುಸಿದ್ದಲ್ಲಿ ನಿಲ್ಲತದ.
ಇದು ಯಾರ ಮಾತೂ ಕೇಳ್ದೆ ನೆಟ್ಟಗ ಹೋಗ್ಯದ.
ಕೂಲಿ ಕೊಟ್ಟು ಮಾಡ್ಸಿದ್ದು ಇದು.
ಇದರ ಹಿಂದ ಒಬ್ಬ ಮುಕಾದಮ ಅದಾನ."

ಎರಡು ಚುಕ್ಕಿಯ ನಡುವೆ ಬೆರಳಿಟ್ಟು ಅಳೆದ,
ಗೇಣಿನ ಲೆಕ್ಕ ಮನಸ್ಸಿನಲ್ಲೇ ಮಾಡಿ ಹೇಳಿದ:
"ಎತ್ತಿನ ಬಂಡಿ ಗಾಲಿ ಮೂರು ಸೇರಿದಷ್ಟು ಅಗಲ."
ಗೆರೆಯ ಎರಡೂ ದಂಡೆಗೆ ಬಿಳಿ ಪುಡಿ, ಮುರಿದ ಕೊಂಬೆ.

ಆ ಗೆರೆಗೆ ನನ್ನ ಬಳಿ ಬಣ್ಣವಿರಲಿಲ್ಲ.
ಕೆಳಗಿನ ಖಾಲಿ ಡಬ್ಬಿಯಲ್ಲಿ ಬರೆದೆ:
ಬಲೆ ಎಳೆದ ಗುರುತು. ಕಲ್ಲು ಕೊಯ್ದವರು ಹೇಳಿದ್ದು.
ಮೇಲಿನವರು ಓದುತ್ತಾರೋ ಇಲ್ಲವೋ.

ಕರೆಂಟು ಹೋಯಿತು. ಕೂಲರಿನ ಫ್ಯಾನು ತಿರುಗಿ ತಿರುಗಿ ನಿಂತಿತು.
ಅಪ್ಪ ನೆಲದ ಮೇಲೆ ಒರಗಿದ,
ಬರಿಮೈಗೆ ಕಲ್ಲಿನ ತಂಪು.
ಅವನ ಹೆಬ್ಬೆರಳು ಕತ್ತಲಲ್ಲಿ ಫರಸಿಯ ಅಂಚು ಸವರುತ್ತಿತ್ತು,
ತಾನೇ ಕೊಯ್ದ ಅಂಚು,
ನೆಟ್ಟಗೆ.

ಲ್ಯಾಪ್‌ಟಾಪಿನಲ್ಲಿ ಇನ್ನೂ ನಲವತ್ತು ನಿಮಿಷ ಬ್ಯಾಟರಿ ಇದೆ.
ನಾನೂರ ಹದಿಮೂರು.
ಇದರಲ್ಲೂ.