ಸಡಿಲ

ಪುಸ್ತಕ ಓದುವುದು ಮಗಳು,
ಪಾಠ ನನಗೆ,
ಪರೀಕ್ಷೆ ಮಾಡುವವಳು ಲಾಯದಲ್ಲಿದ್ದಾಳೆ.

ರೇಸಿಗೆ ಆಗಲ್ಲವೆಂದು ಬಿಟ್ಟ ಹೆಣ್ಣು ಕುದುರೆ,
ಎಡಗಿವಿಯ ತುದಿ ಹರಿದಿದೆ.
ಕಾಗದದಲ್ಲಿದ್ದ ಉದ್ದದ ಇಂಗ್ಲಿಷ್ ಹೆಸರು ನಾಲಿಗೆಗೆ ಒಗ್ಗಲಿಲ್ಲ,
ಮೈಬಣ್ಣ ಮಂಡ್ಯದ ಅಚ್ಚುಬೆಲ್ಲ,
ಅಚ್ಚು ಅಂತ ಕರೆದೆ.
ಹಣೆ ಸವರಲು ಕೈ ಎತ್ತಿದರೆ ಸಾಕು
ಕಣ್ಣಿನ ಬಿಳಿ ಕಾಣುತ್ತದೆ,
ಹಿಂಗಾಲು ಗೋಡೆ ಹುಡುಕುತ್ತವೆ.

ಇಟ್ಟಿಗೆಗೂಡಿನ ಜನ ನಕ್ಕರು:
ಕುದುರೆ ಕಂಡರೆ ಕಾಲುನೋವು ಅನ್ನೋದು ಕೇಳಿದ್ದೆವು,
ಕುದುರೆ ಕೊಂಡು ಓದೋಕೆ ಕೂತವನನ್ನು ಈಗ ನೋಡಿದೆವು.

ಅಬ್ಬಾ ಇದ್ದಿದ್ದರೆ ಮೂರು ದಿನದ ಕೆಲಸ.
ಮುಂಗಾಲಿಗೆ ಹಗ್ಗ, ಬಾಯಿಗೆ ಮುಳ್ಳಿನ ಕಡಿವಾಣ,
ನಾಲ್ಕನೇ ದಿನ ಅರಮನೆ ಗೇಟಿನ ಮುಂದೆ ಬಾಡಿಗೆ.
ಅವರ ಚಾವಟಿ ಇನ್ನೂ ಗೂಟದಲ್ಲಿದೆ.
ಹಿಡಿಯ ಮೇಲೆ ಹೆಬ್ಬೆರಳಿನ ತಗ್ಗು,
ನನ್ನ ಹೆಬ್ಬೆರಳೂ ಅಲ್ಲಿ ಸರಿಯಾಗಿ ಕೂರುತ್ತದೆ.

ಶಗುಫ್ತಾ ದನದ ಡಾಕ್ಟರಿಗೆ ಓದುತ್ತಾಳೆ,
ಹಳೇ ಪುಸ್ತಕದ ಗಾಡಿಯಿಂದ ಇವನ್ನು ತಂದಳು.
ಬರೆದವರು ಯಾರೋ ದೂರದ ಊರಿನ ಮುದುಕರು,
ಟೋಪಿ ಹಾಕಿ ಬೇಲಿಗೆ ಒರಗಿದ ಫೋಟೊ.
ನಮ್ಮ ಮೋರಿ, ನಮ್ಮ ಬಸ್ಸಿನ ಹಾರನ್ನು ಅವರಿಗೆ ಗೊತ್ತಿಲ್ಲ,
ಕುದುರೆ ಗೊತ್ತು.
ನೇರ ದಿಟ್ಟಿಸಬೇಡ, ಅದು ಹುಲಿಯ ನೋಟ,
ಹೆಗಲು ಮಾಡಿ ನಿಲ್ಲು, ಉಸಿರು ಬಿಡು ಅಂತಾರೆ.
ಎಳೆದದ್ದರಿಂದ ಅದು ಕಲಿಯುವುದಿಲ್ಲವಂತೆ,
ಹಗ್ಗ ಸಡಿಲ ಬಿಟ್ಟ ಗಳಿಗೆಯಲ್ಲಿ ಕಲಿಯುತ್ತದಂತೆ.
ಇದನ್ನು ಎರಡು ಸಲ ಓದಿಸಿದೆ.
ಮೂವತ್ತು ವರ್ಷ ಎಳೆದ ಕೈ,
ಬಿಡುವುದೂ ಒಂದು ಕಸುಬು ಅಂತ ಯಾರು ಹೇಳಿದ್ದರು?

ಬೆಳಿಗ್ಗೆ ಐದಕ್ಕೆ ಲಲಿತಮಹಲ್ ರಸ್ತೆ ಬದಿಯ ಬಯಲು,
ಬೆಟ್ಟದ ದೀಪ ಇನ್ನೂ ಆರಿಲ್ಲ.
ಹೆಗಲು ಮಾಡಿ ನಿಂತೆ, ಜೇಬಿನಲ್ಲಿ ಬೆಂದ ಹುರುಳಿ.
ಮೊದಲ ದಿನ ಏನಿಲ್ಲ. ನಾಲ್ಕನೇ ದಿನ ಏನಿಲ್ಲ.
ಲಾಳ ಕಟ್ಟುವ ಜವರಪ್ಪ ಸೈಕಲ್ ನಿಲ್ಲಿಸಿ
ಯಾರ ಮೇಲೆ ಮುನಿಸು ಸಾಬ್ರೇ, ಅಂದ.
ಒಂಬತ್ತನೇ ದಿನ ಓರೆಗಣ್ಣಿಗೆ ಕಂಡಿತು:
ಹರಿದ ಕಿವಿ ನನ್ನ ಕಡೆ ತಿರುಗಿದೆ.
ತುಟಿ ನೆಕ್ಕಿ, ಬಾಯಲ್ಲಿ ಇಲ್ಲದ್ದೇನನ್ನೋ ಜಗಿದಳು.

ಆಮೇಲೆ ಒಂದು ದಿನ ಕೆಡಿಸಿದೆ.
ಬಿಸಿಲು, ಬಾಡಿಗೆ ಕುದುರೆಯವನ ಲೆಕ್ಕ,
ಅಚ್ಚು ಕಾಲು ತುಳಿದಾಗ ಕೈ ತಾನಾಗಿ ಎದ್ದಿತು.
ಹೊಡೆಯಲಿಲ್ಲ. ಎದ್ದದ್ದೇ ಸಾಕಾಯಿತು,
ಒಂಬತ್ತು ದಿನವೂ ಒಂದೇ ಜಿಗಿತಕ್ಕೆ ವಾಪಸ್ಸು.
ಆ ರಾತ್ರಿ ಮಗಳು ಓದಿದ ಪುಟದಲ್ಲಿ
ಕೈ ಮರೆತದ್ದನ್ನು ಚರ್ಮ ಮರೆಯುವುದಿಲ್ಲ ಅಂತಿತ್ತು.
ಓದುವಾಗ ಅವಳು ನನ್ನ ಕಡೆ ನೋಡಲಿಲ್ಲ.
ನಾನು ಎರಡನೇ ಸಲ ಓದು ಅನ್ನಲಿಲ್ಲ.

ಜ್ವರ ಬಿಟ್ಟು ಮೈ ಕುದುರಿತು ಅಂತೀವಿ,
ವ್ಯಾಪಾರ ಕುದುರಿತು, ಮನಸ್ಸು ಕುದುರಿತು.
ಆ ಮಾತಿಗೂ ಕುದುರೆಗೂ ನಂಟಿದೆಯೋ ಇಲ್ಲವೋ,
ಬಲ್ಲವರು ಹೇಳಲಿ.

ನಿನ್ನೆ ಮಂಜಿನಲ್ಲಿ
ಕತ್ತಿನ ಹಿಂದೆ ಬಿಸಿ ಉಸಿರು ತಾಕಿತು.
ತಿರುಗಲಿಲ್ಲ.
ಹಗ್ಗ ನಮ್ಮಿಬ್ಬರ ನಡುವೆ
ನೆಲ ಮುಟ್ಟುವಷ್ಟು ಜೋತುಬಿದ್ದಿತ್ತು.

ಜಟಕಾಕ್ಕೆ ಇನ್ನೂ ಹೂಡಿಲ್ಲ,
ಚಕ್ರದ ಸದ್ದಿನ ಅಧ್ಯಾಯ ಬಾಕಿ.
ಶಗುಫ್ತಾಳಿಗೆ ಕಾಲೇಜಿನ ಪರೀಕ್ಷೆ, ಪುಸ್ತಕ ಅವಳ ಕೋಣೆಯಲ್ಲಿದೆ.
ಬಾ, ಓದು ಅಂತ ಕರೆದಿಲ್ಲ.
ಹೊಸ್ತಿಲಲ್ಲಿ ಕೂತು ಹುರುಳಿಯ ಕಲ್ಲು ಆರಿಸುತ್ತಿದ್ದೇನೆ,
ಅವಳ ಬಾಗಿಲಿಗೆ
ಹೆಗಲು ಮಾಡಿ.