ಕೊನೆಯ ಕೊಕ್ಕೆ

ವಿ.ಸಿ. ಫಾರಂ ದಾರಿಯ ನಮ್ಮ ಲ್ಯಾಬಿನಲ್ಲಿ
ಸೀಸೆ ತೊಳೆಯುವ ಚಿಕ್ಕತಾಯಮ್ಮನಿಗೆ ಅಕ್ಷರ ಬಾರದು.
ಆದರೂ ಸಂಜೆ ಮಂಡ್ಯದ ಸ್ಟ್ಯಾಂಡಿನಲ್ಲಿ
ತಪ್ಪದೆ ತನ್ನ ಬಸ್ಸನ್ನೇ ಹತ್ತುತ್ತಾಳೆ.

"ಕೆಳೀಕೆ ಕೊಕ್ಕೆ ನಡ್ವೆ ಇದ್ರೆ ಮದ್ದೂರು ಕಣವ್ವ,
ಕೊನೇಲಿ ನೇತಾಕಂಡಿದ್ರೆ ನಮ್ ದುದ್ದ."

ನಾನು ಟೊಮೆಟೊ ಎಲೆ ಅರೆದು
ವೈರಸ್ಸಿನ ಕಿಣ್ವದ ಹಿಂದೆ ಬಿದ್ದು ಮೂರು ವರ್ಷ.
ಅದಕ್ಕೂ ಓದು ಬಾರದು.
ಆರು ಸಾವಿರ ಚಿಲ್ಲರೆ ಅಕ್ಷರದ ಆರ್‌ಎನ್‌ಎ ಎಳೆಯಲ್ಲಿ
ಸಿ, ಸಿ, ಎ ಎಷ್ಟು ಕಡೆ ಬಂದುಹೋಗುತ್ತದೋ;
ಅಲ್ಲೆಲ್ಲ ನಿಲ್ಲದೆ
ತುದಿಯಲ್ಲಿ, ಮಡಚಿಕೊಂಡ ಬಾಲದ ಅಂಚಿನಲ್ಲಿ
ಅದೇ ಮೂರನ್ನು ತಡವಿ
ಮೊದಲ ಜಿ ಇಟ್ಟು
ಕಡೆಯಿಂದ ಮೊದಲಿಗೆ ನಕಲು ಶುರುಮಾಡುತ್ತದೆ.

ಮೊನ್ನೆ ಆ ಒಂದು ಸಿ ಕಿತ್ತು ಎ ಕೂರಿಸಿದೆ.
ಜೆಲ್ ಮೇಲೆ ಗೆರೆಯೇ ಇಲ್ಲ!
ಎದ್ದು ಕುಣಿಯುವುದೊಂದು ಬಾಕಿ.

ಅದೇ ಸಂಜೆ, ಹೊಸ ಮಿಣಿಮಿಣಿ ಬೋರ್ಡಿನಲ್ಲಿ
ಕೆಳಸಾಲಿನ ದೀಪ ಸತ್ತಿತ್ತು.
ದುದ್ದ ಬರೀ 'ದುದ' ಆಗಿ
ಅವಳ ಕಣ್ಣೆದುರೇ ಹೊರಟುಹೋಯಿತು.
ಎಂಟೂವರೆವರೆಗೆ ನಿಂತಿದ್ದಳಂತೆ,
ಮೊಮ್ಮಗನ ಕಡಲೆಪುರಿ ಪೊಟ್ಟಣ ಹಿಡಿದು.

ಬೆಳಿಗ್ಗೆ ಬ್ರಷ್ಷು ಆಡಿಸುತ್ತ ಕೇಳಿದಳು:
"ನಿಮ್ ಹುಳೀಕೂ ಬಸ್ ತಪ್ಪೋಯ್ತಂತೆ?"
"ಹೂಂ. ನಾನೇ ತಪ್ಪಿಸಿದೆ."
"ಪಾಪ" ಅಂದಳು, ಯಾರಿಗೋ.

"ಪಕ್ಕದವರನ್ನ ಕೇಳಬಾರದಿತ್ತಾ, ಚಿಕ್ಕತಾಯಮ್ಮ?"
ನೀರು ಸುರಿಯುತ್ತಲೇ ಇತ್ತು.
"ಕೇಳುದ್ರೆ ಗೊತ್ತಾಯ್ತದಲ್ಲವ್ವ,"
ಸೀಸೆಯನ್ನು ಬೋರಲು ಹಾಕಿದಳು,
"ಓದಕ್ ಬರಾಕಿಲ್ಲ ಅಂತ."