ಎಕ್ಸಿಬಿಟ್ ಐದು

ಶಿವಾಜಿನಗರ ಕೋರ್ಟಿನ ಎರಡನೇ ಮಹಡಿಯಲ್ಲಿ
ಇಪ್ಪತ್ತಾರು ವರ್ಷದಿಂದ ನನ್ನ ಕೆಲಸ
ಬೇರೆಯವರ ಮಾತನ್ನು ಗೆರೆಗೆ ಇಳಿಸುವುದು.
ಸಾಹೇಬರು ಹೇಳುವುದು ಇಂಗ್ಲಿಷಿನಲ್ಲಿ,
ಕಕ್ಷಿದಾರರು ಅಳುವುದು ಮರಾಠಿಯಲ್ಲಿ.
ಹಣದ ಅಂಕಿ ಬಂದಾಗ ಮಾತ್ರ ನಾನು ಒಳಗೊಳಗೇ
ಇಂಡಿ ತಾಲೂಕಿನ ಕನ್ನಡಶಾಲೆಯ ಮಗ್ಗಿಗೆ ಮರಳುತ್ತೇನೆ.
ಏಳೆಂಟ್ಲಿ ಐವತ್ತಾರು. ಅದು ಕೈಕೊಡುವುದಿಲ್ಲ.

ಖಟ್ಲೆ ದೊಡ್ಡದೇನಲ್ಲ.
ರಾಸ್ತಾ ಪೇಟೆಯ ಹಳೇ ವಾಡೆಯ ಮೆಟ್ಟಿಲ ಕೆಳಗೆ
ಒಂದು ಹೊಲಿಗೆ ಯಂತ್ರ, ಒಂದು ಬಲ್ಬು, ಪುಷ್ಪಲತಾ ಬಗಾಡೆ.
ಬಲ್ಬಿನ ವೈರು ಕತ್ತರಿಸಿದ್ದು ಮಾಲೀಕ ಗದ್ರೆ.
ಗದ್ರೆಯವರ ಪ್ರಕಾರ, ಇಲಿ.

ದಾವೆ ಇನ್ನೂ ಹೊಸ್ತಿಲು ದಾಟಿಲ್ಲ,
ಅಂಗಳದಲ್ಲೇ ಎಂಟು ಅರ್ಜಿ.
ಉತ್ತರಕ್ಕೆ ಸಮಯ ಕೊಡಿ.
ನಲವತ್ತೊಂದು ದಿನದ ವಿಳಂಬ ಮನ್ನಿಸಿ.
(ಮನ್ನಿಸಿದರು, ಐನೂರು ರೂಪಾಯಿ ದಂಡದೊಂದಿಗೆ.)
ಬಗಾಡೆ ಎಂಬುದು ಬಗಡೆ ಆಗಿದೆ, ತಿದ್ದಲು ಅನುಮತಿ ಕೊಡಿ.
ಇಲಿ ಇದೆಯೋ ಇಲ್ಲವೋ ನೋಡಲು ಕಮಿಷನರನ್ನು ಕಳಿಸಿ.
ಆಮೇಲೆ ಎಕ್ಸಿಬಿಟ್ ಐದು:
ದಾವೆ ತೀರುವ ತನಕ ದೀಪ ಉರಿಯಲಿ.

ಮಂಜೂರು ಎಂಬ ಪದದ ಮುಂದೆ
ಒಂದು ನಾ ಬಂದು ನಿಂತರೆ ಮುಗಿಯಿತು, ನಾಮಂಜೂರು.
ಈ ಊರಿಗೆ ಆ ನಾ ಬರೀ ಇಲ್ಲ.
ನನ್ನ ಕಿವಿಗೆ ಅದು ನಾನು.
ಎಷ್ಟು ಅರ್ಜಿಗಳ ಮುಂದೆ ಹೀಗೆ
ಯಾರದೋ ನಾ ಅಡ್ಡ ನಿಂತದ್ದನ್ನು
ಮೂರು ಪ್ರತಿ ಟೈಪು ಮಾಡಿದ್ದೇನೆ.

ಅವತ್ತು ಊಟದ ನಂತರ ಸಾಹೇಬರು ನಿಧಾನಕ್ಕೆ ಹೇಳಿದರು.
ಮೇಲ್ನೋಟಕ್ಕೆ ಹಕ್ಕು ಕಾಣುತ್ತದೆಯೇ?
ತಕ್ಕಡಿ ಯಾರ ಕಡೆ ವಾಲುತ್ತದೆ?
ಹಣದಿಂದ ತುಂಬಲಾಗದ ನಷ್ಟ ಯಾರಿಗೆ?
ಮೇಲೆ ಫ್ಯಾನು ಕೀರಲುತ್ತಿತ್ತು.
ನನ್ನ ಪೆನ್ಸಿಲು ನಾ ಬರೆಯಲು ಅರ್ಧ ಎದ್ದಿತ್ತು,
ಅವರು ಬರೀ ಮಂಜೂರು ಅಂದರು.

ನಾಲ್ಕನೇ ವರ್ಷ ದಾವೆ ಮುಗಿಯಿತು. ಬಲ್ಬು ಗೆದ್ದಿತು.
ಗೆದ್ದವನು ಸೋತ ಅನ್ನುತ್ತಾರಲ್ಲ,
ಆ ಗಾದೆ ಶುರುವಾಗುವುದು ಇಲ್ಲಿಂದ:
ವಕೀಲ ಪರುಳೇಕರರ ಖರ್ಚಿನ ಪಟ್ಟಿ.
ಬರವಣಿಗೆಗೆ ನಲವತ್ತು ಸಾವಿರ.
ನಲವತ್ತಮೂರು ಹಾಜರಿ, ದಿನಕ್ಕೆ ಮೂರು ಸಾವಿರ.
ಝೆರಾಕ್ಸು ಎರಡು ಸಾವಿರದ ಮುನ್ನೂರ ನಲವತ್ತು.
ಒಟ್ಟು ಲಕ್ಷದ ಎಪ್ಪತ್ತೊಂದು ಸಾವಿರದ ಮುನ್ನೂರ ನಲವತ್ತು.
ಮಗ್ಗಿ ಹಾಕಿ ನೋಡಿದೆ, ಸರಿಯಿತ್ತು.

ಸಾಹೇಬರು ಸೀಮೆಸುಣ್ಣದಲ್ಲಿ ಗುರುತು ಹಾಕಿದ ಹಾಗೆ
ಪಟ್ಟಿಯ ಮೇಲೆ ಬೆರಳಾಡಿಸಿ ಕತ್ತರಿಸುತ್ತಾ ಹೋದರು.
ಹಾಜರಿಯಲ್ಲಿ ಇಪ್ಪತ್ತೊಂಬತ್ತು ದಿನ ಬರೀ ಮುಂದಿನ ತಾರೀಕು.
ಕಾಯುವುದು ವಕಾಲತ್ತಲ್ಲ.
ಫೀಜಿನ ಬಾಬ್ತು ಒಂಬತ್ತು ಸಾವಿರ ಸಾಕು.
ಝೆರಾಕ್ಸಿಗೆ ರಸೀದಿ ಇತ್ತು,
ಅದೊಂದು ಪೂರ್ತಿ ಮಂಜೂರು.

ಕಾರಿಡಾರಿನಲ್ಲಿ ಪುಷ್ಪಲತಾ ತಡೆದಳು.
ಬಾಯಿ, ಬರೆದವರು ನೀವೇ ಅಲ್ಲವಾ,
ನಾನು ಅಂಗಡಿ ಮುಚ್ಚಿ ಬಂದ ನಲವತ್ತಮೂರು ದಿನ
ಯಾವ ಸಾಲಿನಲ್ಲಿದೆ?
ಯಾರೂ ಹೇಳಲಿಲ್ಲ, ಹಾಗಾಗಿ ಬರೆಯಲಿಲ್ಲ ಅಂದೆ.
ಇದು ನಿಜ. ನಿಜವನ್ನು ಹೇಳಿದ ಮೇಲೂ
ಮೆಟ್ಟಿಲಿಳಿಯುವಾಗ ಮಗ್ಗಿ ಬಿಡಲಿಲ್ಲ:
ದಿನಕ್ಕೆ ನಾಲ್ಕು ಕುಪ್ಪಸವೆಂದರೂ
ನೂರಾ ಎಪ್ಪತ್ತೆರಡು. ತೋಳು ಲೆಕ್ಕ ಹಾಕಿದರೆ
ಮುನ್ನೂರ ನಲವತ್ತನಾಲ್ಕು.

ಶನಿವಾರ ಗುಳೇದಗುಡ್ಡದ ಖಣವೊಂದನ್ನು ಹಿಡಿದು
ರಾಸ್ತಾ ಪೇಟೆಗೆ ಹೋದೆ.
ಬಲ್ಬಿನ ವೈರಿಗೆ ಕರೀ ಟೇಪು ಸುತ್ತಿತ್ತು.
ಬೆನ್ನಿನ ಅಳತೆ ತೆಗೆದುಕೊಂಡು
ಹೊಲಿಗೆ ನಾನೂರು ಅಂದಳು.
ಮುನ್ನೂರೈವತ್ತು ಅನ್ನಲು ಬಾಯಿ ತೆರೆದಿದ್ದೆ,
ಇಪ್ಪತ್ತಾರು ವರ್ಷದ ಕೇಳ್ಮೆ.
ಕತ್ತರಿ ಅವಳ ಕೈಯಲ್ಲಿತ್ತು.
ನಾಲ್ಕು ನೋಟು ಯಂತ್ರದ ಮೇಲಿಟ್ಟೆ.
ಎಣಿಸಿ, ನಕ್ಕು, ಕೇಳಿದಳು,
ರಸೀದಿ ಬೇಕಾ ಬಾಯಿ?